ಅಂಪೈರ್ ಇಲ್ಲದ ಆಟಕ್ಕೊಂದು ರೀಪ್ಲೇ

ಅಲ್ಟಿಮೇಟ್ ಎಂಬ ಫ್ರಿಸ್ಬಿ ಆಟದಲ್ಲಿ ಅಂಪೈರ್ ಇರುವುದಿಲ್ಲ. 175 ಗ್ರಾಂ ತೂಕದ ಪ್ಲಾಸ್ಟಿಕ್ ಡಿಸ್ಕನ್ನು ಒಬ್ಬರಿಂದ ಒಬ್ಬರಿಗೆ ಎಸೆಯುತ್ತ ಸಾಗಿ, ಮೈದಾನದ ಆ ತುದಿಯ ಎಂಡ್‌ಜೋನ್ ಒಳಗೆ ಹಿಡಿದರೆ ಒಂದು ಅಂಕ. ಕಾಲು ಗೆರೆ ತುಳಿಯಿತೇ, ಮೈಗೆ ಮೈ ತಾಗಿತೇ ಎಂಬ ತಕರಾರು ಎದ್ದರೆ ಆಟ ನಿಲ್ಲುತ್ತದೆ. ತಕರಾರಿನವರೇ ಮಾತಾಡಿಕೊಂಡು ಬಗೆಹರಿಸಿಕೊಳ್ಳುತ್ತಾರೆ, ಆಟ ಮುಂದುವರಿಯುತ್ತದೆ. ಅಮೆರಿಕದ ವೃತ್ತಿಪರ ಲೀಗನ್ನು ಬಿಟ್ಟರೆ ವಿಶ್ವ ಚಾಂಪಿಯನ್‌ಷಿಪ್‌ವರೆಗೂ ಇದೇ ಪದ್ಧತಿ. ಬೆಂಗಳೂರು, ಚೆನ್ನೈಗಳಲ್ಲೂ ಈ ಆಟದ ತಂಡಗಳಿವೆ. ಹೊಸದಾಗಿ ನೋಡುವವರನ್ನು ಡಿಸ್ಕಿನ ಹಾರಾಟಕ್ಕಿಂತ ಈ ಮಾತುಕತೆಯೇ ಹೆಚ್ಚು ಬೆರಗಾಗಿಸುತ್ತದೆ.

ತೀರ್ಪುಗಾರನೇ ಇಲ್ಲದ ಮೇಲೆ ರೀಪ್ಲೇ ಯಾರಿಗೆ ಬೇಕು? ನೋಡುವವರಿಗೆ. ನಾರ್ವೆಯ ಟ್ರಾಂಡ್‌ಹೈಮ್ ಊರಿನಲ್ಲಿ ಟ್ರೋಂಡಿಸ್ಕ್ ಎಂಬ ಅಲ್ಟಿಮೇಟ್ ಟೂರ್ನಿ ನಡೆಯುತ್ತದೆ. 2018ರ ಟೂರ್ನಿಯನ್ನು ಅಂತರ್ಜಾಲದಲ್ಲಿ ನೇರವಾಗಿ ನೋಡಿದವರಿಗೆ ಹಲವು ಕೋನಗಳ ನಿಧಾನಗತಿಯ ರೀಪ್ಲೇ ಸಿಕ್ಕಿತು. ಟಿವಿ ವಾಹಿನಿಗಳ ಹೊರಾಂಗಣ ಪ್ರಸಾರದ ಓಬಿ ವ್ಯಾನ್ ಯಾವುದೂ ಅಲ್ಲಿಗೆ ಬಂದಿರಲಿಲ್ಲ. ಕ್ಯಾಮೆರಾಗಳ ಚಿತ್ರ ಬೆರೆಸಿದ ತಂತ್ರಾಂಶದ ಹೆಸರು ನಗೆರು, ರೀಪ್ಲೇ ತಂತ್ರಾಂಶದ ಹೆಸರು ಫುಟಟಾಬಿ. ಎರಡೂ ಮುಕ್ತ ತಂತ್ರಾಂಶಗಳು, ಎರಡನ್ನೂ ಬರೆದವರು ಸ್ಟೈನಾರ್ ಎಚ್. ಗುಂಡರ್ಸನ್ ಎಂಬ ನಾರ್ವೆಯ ಪ್ರೋಗ್ರಾಮರ್.

ರೀಪ್ಲೇ ಹುಟ್ಟಿದ್ದು ದೊಡ್ಡ ದುಡ್ಡಿನ ಮನೆಯಲ್ಲಿ. 1963ರ ಡಿಸೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸೇನೆ ಮತ್ತು ನೌಕಾಪಡೆ ತಂಡಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಸಿಬಿಎಸ್ ವಾಹಿನಿಯ ನಿರ್ದೇಶಕ ಟೋನಿ ವರ್ನಾ ಸುಮಾರು 600 ಕಿಲೋ ತೂಕದ ಆಂಪೆಕ್ಸ್ ಟೇಪ್ ಯಂತ್ರವೊಂದನ್ನು ಮೈದಾನಕ್ಕೆ ಹೊರಿಸಿಕೊಂಡು ಬಂದಿದ್ದರು. ಟೇಪ್ ಹಿಂದಕ್ಕೆ ಸುತ್ತಬಹುದು ಸರಿ, ಆದರೆ ಬೇಕಾದ ಗಳಿಗೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ವರ್ನಾ ಧ್ವನಿಯ ಪಟ್ಟಿಯ ಮೇಲೆ ಗುರುತು ಹಾಕಿದರು: ಆಟಗಾರರು ಗುಂಪುಗೂಡಿದಾಗ ಒಂದು ಬೀಪ್, ಸಾಲುಗಟ್ಟಿದಾಗ ಎರಡು. ಸೇನಾ ತಂಡದ ರೋಲಿ ಸ್ಟಿಚ್‌ವೆ ಟಚ್‌ಡೌನ್ ಗಳಿಸಿದ ದೃಶ್ಯ ಮತ್ತೊಮ್ಮೆ ಪರದೆಯ ಮೇಲೆ ಬಂದಾಗ, ಇದು ಹೊಸ ಅಂಕವಲ್ಲ, ಹಳೆಯದನ್ನೇ ಮತ್ತೆ ತೋರಿಸುತ್ತಿದ್ದೇವೆ ಎಂದು ವೀಕ್ಷಕ ವಿವರಣೆಗಾರ ಲಿಂಡ್ಸೆ ನೆಲ್ಸನ್ ಬಿಡಿಸಿ ಹೇಳಬೇಕಾಯಿತು. ಆ ದಿನವೆಲ್ಲ ಸಾಧ್ಯವಾದದ್ದು ಅದೊಂದೇ ರೀಪ್ಲೇ, ಅದೂ ಸಾಮಾನ್ಯ ವೇಗದಲ್ಲಿ. ನಾಲ್ಕು ವರ್ಷದ ಬಳಿಕ, 1967ರಲ್ಲಿ, ಅದೇ ಆಂಪೆಕ್ಸ್ ಕಂಪನಿ ಎಚ್‌ಎಸ್-100 ಎಂಬ ಡಿಸ್ಕ್ ಯಂತ್ರ ತಂದಿತು; ಅದು 30 ಸೆಕೆಂಡಿನ ಚಿತ್ರವನ್ನು ಇಟ್ಟುಕೊಂಡು ನಿಧಾನವಾಗಿಯೂ ತೋರಿಸಬಲ್ಲದಾಗಿತ್ತು. 1994ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ಶುರುವಾದ ಇವಿಎಸ್ ಕಂಪನಿ ಹಾರ್ಡ್ ಡಿಸ್ಕ್ ಆಧಾರದ ರೀಪ್ಲೇ ಸರ್ವರ್‌ಗಳನ್ನು ತಂದ ಮೇಲೆ ಕ್ರೀಡಾ ಪ್ರಸಾರದ ಲೋಕವೇ ಅದರ ಕಡೆ ವಾಲಿತು. ಆ ಯಂತ್ರಗಳು ಸೊಗಸಾದವು, ನಂಬಿಕಸ್ತವು. ಊರ ಟೂರ್ನಿಯ ಜೇಬಿಗೆ ನಿಲುಕುವಂಥವಂತೂ ಅಲ್ಲ.

ಮುಕ್ತ ತಂತ್ರಾಂಶದ ಮಂದಿ ಈ ಕ್ಷೇತ್ರಕ್ಕೆ ಇಳಿದದ್ದು ಆಟದ ಮೂಲಕವಲ್ಲ, ತಮ್ಮದೇ ಸಮ್ಮೇಳನಗಳ ಭಾಷಣಗಳನ್ನು ಚಿತ್ರೀಕರಿಸುವ ಪಾಡಿನ ಮೂಲಕ. 2007ರಲ್ಲಿ ಎಡಿನ್‌ಬರೋದಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗದ ವಾರ್ಷಿಕ ಸಮ್ಮೇಳನ ಡೆಬ್‌ಕಾನ್ ನಡೆದಾಗ ಬೆನ್ ಹಚಿಂಗ್ಸ್ ಬರೆದ ಡಿವಿಸ್ವಿಚ್ ಎಂಬ ಚಿತ್ರ ಬೆರೆಸುವ ತಂತ್ರಾಂಶ ಬಳಕೆಗೆ ಬಂತು. ಫೈರ್‌ವೈರ್ ತಂತಿ, ಡಿವಿ ಟೇಪ್ ಕ್ಯಾಮೆರಾ, 720×576 ಪಿಕ್ಸೆಲ್‌ನ ಹಳೆಯ ಟಿವಿ ಚಿತ್ರ. ಅಂದಿಗೆ ಅದೇ ದೊಡ್ಡದು. ಭಾಷಣಕಾರರ ಸ್ಲೈಡುಗಳಲ್ಲಿನ ಸಣ್ಣ ಅಕ್ಷರ ಮಾತ್ರ ಆ ಚಿತ್ರದಲ್ಲಿ ಮಸುಕು ಮಸುಕು. ಮುಂದೆ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ ವಿಡಿಯೊ ತಂಡ ವಾಕ್ಟೊಮಿಕ್ಸ್ ಎಂಬ ತಂತ್ರಾಂಶವನ್ನು ಕಟ್ಟಿತು. ಚಿತ್ರ ಬೆರೆಸುವ ತಿರುಳು ಒಂದು ಕಂಪ್ಯೂಟರಿನಲ್ಲಿ, ಗುಂಡಿಗಳ ಪರದೆ ಇನ್ನೊಂದರಲ್ಲಿ ಇರಬಹುದು ಎನ್ನುವುದು ಅದರ ಜಾಣತನ. ಬ್ರಸೆಲ್ಸ್‌ನ ಮುಕ್ತ ತಂತ್ರಾಂಶ ಸಮ್ಮೇಳನ ಫಾಸ್ಡೆಮ್, ಡೆಬ್‌ಕಾನ್ ಎಲ್ಲ ಅದಕ್ಕೆ ಹೊರಳಿದವು.

ಗುಂಡರ್ಸನ್ ಅವರಿಗೆ ಬೇಕಾದದ್ದು ಬೇರೆ. ನಾರ್ವೆಯಲ್ಲಿ ಬೇಸಿಗೆಯಲ್ಲಿ ನಡೆಯುತ್ತಿದ್ದ ಸೋಲ್‌ಸ್ಕೋಗೆನ್, ಕಂಪ್ಯೂಟರ್‌ನಲ್ಲೇ ಚಿತ್ರ-ಸಂಗೀತ ಹೆಣೆದು ಪ್ರದರ್ಶಿಸುವವರ ಜಾತ್ರೆ. ಅಲ್ಲಿನ ಪರದೆಯ ಮೇಲೆ ಓಡುತ್ತಿದ್ದದ್ದು ಸೆಕೆಂಡಿಗೆ 60 ಫ್ರೇಮುಗಳ ನುಣುಪು ಚಲನೆ. ಅದನ್ನು 25 ಅಥವಾ 30 ಫ್ರೇಮಿಗೆ ಇಳಿಸಿ ಪ್ರಸಾರ ಮಾಡಿದರೆ ಕಟ್ಟಿದವನ ಅರ್ಧ ಕೆಲಸ ಕಾಣುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಚಿತ್ರ ಸಂಸ್ಕರಿಸುವ ಮೂವಿಟ್ ಎಂಬ ಲೈಬ್ರರಿಯನ್ನು ಅವರು ಆಗಲೇ ಬರೆದಿದ್ದರು. ಅದರ ಮೇಲೆ ನಗೆರು ಕಟ್ಟಿ, 2016ರ ಫಾಸ್ಡೆಮ್‌ನಲ್ಲಿ ಪರಿಚಯಿಸಿದರು. ಕ್ಯಾಮೆರಾದ ಚಿತ್ರವನ್ನು ಯುಎಸ್‌ಬಿ ಮೂಲಕ ಒಳತರುವ ಬ್ಲ್ಯಾಕ್‌ಮ್ಯಾಜಿಕ್ ಡಬ್ಬಿಗಳಿಗೆ ಲಿನಕ್ಸ್ ಡ್ರೈವರ್ ಇರಲಿಲ್ಲ. ಡಬ್ಬಿ ಮತ್ತು ಕಂಪ್ಯೂಟರ್ ನಡುವಿನ ಮಾತುಕತೆಯನ್ನು ಕದ್ದು ಕೇಳಿ, ಅರ್ಥ ಮಾಡಿಕೊಂಡು, ಡ್ರೈವರನ್ನೂ ಅವರೇ ಬರೆದರು.

ನಗೆರು, ಫುಟಟಾಬಿಗಳನ್ನು ಅಳವಡಿಸುವುದು ಎಷ್ಟು ಕಷ್ಟ? ಡೆಬಿಯನ್ ಇರುವ ಕಂಪ್ಯೂಟರಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಎರಡೂ ಪ್ರೋಗ್ರಾಂ ಬಂದು ಕೂರುತ್ತವೆ. ಅಳವಡಿಕೆ ಎಂಬ ಮಾತು ಅಷ್ಟಕ್ಕೇ ಮುಗಿಯುವುದಾದರೆ ಐದು ನಿಮಿಷದ ಕೆಲಸ. ನಿಜವಾದ ಕೆಲಸ ಆಮೇಲೆ ಶುರು.

ಮೊದಲನೆಯದು ತಂತಿಗಳ ಲೆಕ್ಕ. 1280×720 ಪಿಕ್ಸೆಲ್‌ನ ಚಿತ್ರ, ಸೆಕೆಂಡಿಗೆ 60 ಫ್ರೇಮ್, ಪ್ರತಿ ಪಿಕ್ಸೆಲ್‌ಗೆ ಎರಡು ಬೈಟ್: ಗುಣಿಸಿದರೆ ಒಂದೊಂದು ಕ್ಯಾಮೆರಾದಿಂದ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹರಿದು ಬರುತ್ತದೆ. ಯುಎಸ್‌ಬಿ 3ರ ಒಂದು ಕಂಟ್ರೋಲರ್ ಕಾಗದದ ಮೇಲೂ 500 ಮೆಗಾಬೈಟ್ ದಾಟುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಿಂಡಿ ಇದೆಯೆಂದು ನಾಲ್ಕು ಕ್ಯಾಮೆರಾ ಸಿಕ್ಕಿಸಿದರೆ, ಆ ನಾಲ್ಕೂ ಒಳಗೆ ಒಂದೇ ಕಂಟ್ರೋಲರ್‌ಗೆ ಜೋತುಬಿದ್ದಿರುವ ಸಂಗತಿ ಚಿತ್ರ ಹರಿದು ಚಿಂದಿಯಾದಾಗಲೇ ಬಯಲಾಗುವುದು. ಅದಕ್ಕೇ ಅನುಭವಸ್ಥರು ಮೇಜಿನ ಕಂಪ್ಯೂಟರ್ ತಂದು, ಮದರ್‌ಬೋರ್ಡಿಗೇ ನೇರವಾಗಿ ಕೂರುವ ಡೆಕ್‌ಲಿಂಕ್‌ನಂಥ ಕಾರ್ಡು ಹಾಕುತ್ತಾರೆ.

ಎರಡನೆಯದು ಗಡಿಯಾರ. ದುಬಾರಿ ಸ್ಟುಡಿಯೊಗಳಲ್ಲಿ ಒಂದೇ ನಾಡಿಮಿಡಿತದ ಸಂಕೇತವನ್ನು ಎಲ್ಲ ಕ್ಯಾಮೆರಾಗಳಿಗೂ ಕಳಿಸಿ, ಎಲ್ಲವೂ ಒಟ್ಟಿಗೆ ಫ್ರೇಮ್ ಹಿಡಿಯುವಂತೆ ಮಾಡುತ್ತಾರೆ. ಅಂಗಡಿಯ ಕ್ಯಾಮ್‌ಕಾರ್ಡರ್‌ಗೆ ಆ ಸೌಕರ್ಯ ಇಲ್ಲ. ಅದು ತನ್ನ ಒಡಲಿನ ಹರಳಿನ ಗಡಿಯಾರವನ್ನೇ ನಂಬಿ ನಡೆಯುತ್ತದೆ. ಎರಡು ಕ್ಯಾಮೆರಾಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಸಾಕು, ಐದೂವರೆ ನಿಮಿಷಕ್ಕೊಮ್ಮೆ ಒಂದು ಇಡೀ ಫ್ರೇಮ್ ಹೆಚ್ಚಾಗುತ್ತದೆ ಅಥವಾ ಕಡಿಮೆಬೀಳುತ್ತದೆ. ನಗೆರು ಒಂದು ಕ್ಯಾಮೆರಾವನ್ನು ಯಜಮಾನ ಎಂದು ಹಿಡಿದು, ಉಳಿದವುಗಳಿಂದ ಬೇಕಾದಾಗ ಒಂದು ಫ್ರೇಮ್ ಬಿಡುತ್ತದೆ ಇಲ್ಲವೇ ಎರಡು ಸಲ ತೋರಿಸುತ್ತದೆ. ಕಣ್ಣಿಗೆ ಅದು ಗೊತ್ತಾಗದು. ಕಿವಿಗೆ ಹಾಗಲ್ಲ: ಧ್ವನಿಯಲ್ಲಿ ಅಷ್ಟು ಚೂರು ಕಿತ್ತರೂ ಟಪ್ ಎನ್ನುತ್ತದೆ. ಧ್ವನಿಯ ವ್ಯತ್ಯಾಸವನ್ನು ಹಾಗೇ ಬಿಟ್ಟರೆ ಎಂಟು ಗಂಟೆಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ತುಟಿಗೂ ಮಾತಿಗೂ ಸುಮಾರು ಒಂದೂವರೆ ಸೆಕೆಂಡಿನ ಅಂತರ. ಆದ್ದರಿಂದ ಧ್ವನಿಯನ್ನು ಮಾತ್ರ ಯಾರಿಗೂ ತಿಳಿಯದ ಹಾಗೆ ಕೂದಲೆಳೆಯಷ್ಟು ಹಿಗ್ಗಿಸುತ್ತ ಕುಗ್ಗಿಸುತ್ತ ಹೋಗುವ ಗಣಿತ ಒಳಗೆ ಕೆಲಸ ಮಾಡುತ್ತಿರುತ್ತದೆ. ಇಂಥ ಕಡೆಯೇ ಒಬ್ಬ ಕಸಬುದಾರನ ಕೈ ಕಾಣುವುದು. ಗುಂಡಿಗಳ ಅಂದಚೆಂದದಲ್ಲಿ ನಗೆರುವನ್ನು ಮೀರಿಸುವ ಪ್ರೋಗ್ರಾಂಗಳು ಬೇಕಾದಷ್ಟಿವೆ.

ಮೂರನೆಯದು, ಏನು ತೋರಿಸಬೇಕು ಎಂಬ ನಿರ್ಧಾರ. ನಗೆರುವಿನಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಚಿತ್ರ, ಯಾವುದರಿಂದ ಯಾವುದಕ್ಕೆ ಹೇಗೆ ಜಾರಬೇಕು ಎಂಬುದನ್ನೆಲ್ಲ ಲುವಾ ಭಾಷೆಯ ಒಂದು ಕಡತ ಹೇಳುತ್ತದೆ. ಜೊತೆಗೊಂದು ಮಾದರಿ ಕಡತ ಬರುತ್ತದೆ, ಅದರಿಂದ ಕೆಲಸ ಶುರು ಮಾಡಬಹುದು. ಅಂಕಪಟ್ಟಿ ಬೇಕೇ? ಅದನ್ನು ಒಂದು ವೆಬ್ ಪುಟದಂತೆ ಬರೆದು ಚಿತ್ರದ ಮೇಲೆ ಹೊದಿಸಬಹುದು. ಪ್ರೋಗ್ರಾಮಿಂಗ್ ಬಲ್ಲವರಿಗೆ ಇದು ಸ್ವರ್ಗ. ಬಾರದವರು ಬಲ್ಲವರೊಬ್ಬರನ್ನು ಕಟ್ಟಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಇನ್ನು ರೀಪ್ಲೇ. ಪ್ರಸಾರಕ್ಕೆ ಬಳಸುವ ಎಚ್.264 ಸಂಕುಚನದಲ್ಲಿ ಹೆಚ್ಚಿನ ಫ್ರೇಮುಗಳು ಸ್ವತಂತ್ರವಲ್ಲ. ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಅದರಿಂದ ಜಾಗ ಉಳಿಯುತ್ತದೆ ನಿಜ, ಆದರೆ ರೀಪ್ಲೇ ಮಾಡುವವನು ಹಿಂದಕ್ಕೆ ಮುಂದಕ್ಕೆ ತಡಕಾಡುತ್ತ ಡಿಸ್ಕ್ ಕೈ ಬಿಟ್ಟ ಆ ಫ್ರೇಮನ್ನೇ ಹುಡುಕುವಾಗ, ಪ್ರತಿ ಸಲವೂ ಹಿಂದಿನ ಹಲವನ್ನು ಬಿಡಿಸಿ ಬರಬೇಕು. ಹಾಗಾಗಿ ನಗೆರು ಪ್ರತಿ ಕ್ಯಾಮೆರಾದ ಪ್ರತಿ ಫ್ರೇಮನ್ನೂ ಬಿಡಿ ಜೆಪೆಗ್ ಚಿತ್ರವಾಗಿ ಹಿಸುಕಿ, 9095ನೇ ಪೋರ್ಟಿನಲ್ಲಿ, ಸಾಮಾನ್ಯ ವೆಬ್ ವಿಳಾಸದ ಹಾಗೆ ತೆರೆದಿಡುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿರುವ ಫುಟಟಾಬಿಗೆ ಆ ವಿಳಾಸ ಕೊಟ್ಟರೆ ಮುಗಿಯಿತು. ಎಲ್ಲ ಕ್ಯಾಮೆರಾಗಳ ಎಲ್ಲ ಫ್ರೇಮುಗಳೂ ಅದರ ಡಿಸ್ಕಿನ ಮೇಲೆ ಬೀಳತೊಡಗುತ್ತವೆ. ಒಂದು ಫ್ರೇಮಿಗೆ 100 ಕಿಲೋಬೈಟ್ ಎಂದಿಟ್ಟುಕೊಂಡರೆ ಒಂದು ಕ್ಯಾಮೆರಾಕ್ಕೆ ಗಂಟೆಗೆ 21 ಗಿಗಾಬೈಟ್‌ಗೂ ಹೆಚ್ಚು, ನಾಲ್ಕಕ್ಕೆ 86. ದಿನಪೂರ್ತಿ ಟೂರ್ನಿಗೆ ಎಸ್‌ಎಸ್‌ಡಿ ಕೊಳ್ಳುವಾಗ ಈ ಗುಣಾಕಾರ ಮಾಡಿಕೊಂಡೇ ಅಂಗಡಿಗೆ ಹೋಗಬೇಕು.

ಆಪರೇಟರ್ ಮುಂದೆ ಕ್ಯಾಮೆರಾಗಳ ಸಾಲು, ಕೆಳಗೆ ತುಣುಕುಗಳ ಪಟ್ಟಿ. ಆಟ ನಡೆಯುತ್ತಿರುವಾಗಲೇ ಆರಂಭ ಮತ್ತು ಅಂತ್ಯ ಗುರುತಿಸಿ, ಯಾವ ಕೋನ ಮೊದಲು, ಯಾವ ವೇಗ ಎಂದು ಸರದಿ ಕಟ್ಟಿ, ಓಡಿಸಬೇಕು. ಫುಟಟಾಬಿಯ ಚಿತ್ರ ಮತ್ತೆ ನಗೆರುವಿಗೆ ಇನ್ನೊಂದು ಕ್ಯಾಮೆರಾದಂತೆ ಬರುತ್ತದೆ. ಮಿಕ್ಸರ್ ಮುಂದಿನವನು ಅದನ್ನು ಒತ್ತಿದಾಗ ಮಾತ್ರ ಜನರಿಗೆ ಕಾಣುತ್ತದೆ. ಮೌಸ್ ಹಿಡಿದು ಈ ಕೆಲಸ ಮಾಡುವುದು ಹಿಂಸೆ. ಡಿಜೆಗಳು ಬಳಸುವ, ತಿರುಗಣಿ ಇರುವ ಬೆಹ್ರಿಂಗರ್ ಕಂಪನಿಯ ಸಣ್ಣ ಮಿಡಿ ಪೆಟ್ಟಿಗೆಯನ್ನು ಫುಟಟಾಬಿ ಗುರುತಿಸುತ್ತದೆ. ಹಾಡು ತಿರುಗಿಸಲು ಮಾಡಿದ ಚಕ್ರ ಇಲ್ಲಿ ಕಾಲವನ್ನು ಹಿಂದೆ ಮುಂದೆ ತಿರುಗಿಸುತ್ತದೆ. ವರ್ನಾ ಬೀಪ್‌ಗಳಿಂದ ಮಾಡಿದ್ದೂ ಇದೇ ಕೆಲಸ.

ನಿಧಾನಗತಿ ಎಂದೊಡನೆ ಬೇರೊಂದು ತೊಡಕು. 60 ಫ್ರೇಮಿನ ಚಿತ್ರವನ್ನು ಕಾಲು ವೇಗದಲ್ಲಿ ಓಡಿಸಿದರೆ ಪ್ರತಿ ಫ್ರೇಮೂ ನಾಲ್ಕು ಸಲ ಕಾಣುತ್ತದೆ, ಚಲನೆ ಕುಂಟುತ್ತದೆ. ದೊಡ್ಡ ವಾಹಿನಿಗಳು ಸೆಕೆಂಡಿಗೆ ನೂರಾರು ಫ್ರೇಮ್ ಹಿಡಿಯುವ ಕ್ಯಾಮೆರಾ ತಂದು ಇದನ್ನು ದಾಟುತ್ತವೆ. ಅಂಥ ಕ್ಯಾಮೆರಾ ಇಲ್ಲದ ಫುಟಟಾಬಿ ನಡುವಿನ ಫ್ರೇಮುಗಳನ್ನು ತಾನೇ ಬರೆಯುತ್ತದೆ. ಒಂದು ಫ್ರೇಮಿನ ಪ್ರತಿ ಚುಕ್ಕೆ ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಹೋಯಿತು ಎಂದು ಅಂದಾಜಿಸಿ, ನಡುದಾರಿಯಲ್ಲಿ ಅದು ಎಲ್ಲಿದ್ದಿರಬೇಕೋ ಅಲ್ಲಿಡುತ್ತದೆ. ಆಪ್ಟಿಕಲ್ ಫ್ಲೋ ಎಂದು ಕರೆಸಿಕೊಳ್ಳುವ ಈ ಲೆಕ್ಕ ಬಹುಕಾಲ ನೇರಪ್ರಸಾರಕ್ಕೆ ಒಗ್ಗದಷ್ಟು ನಿಧಾನವಾಗಿತ್ತು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಟಿಲ್ ಕ್ರೋಗರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಚುರುಕಾದ ವಿಧಾನವನ್ನು ಗುಂಡರ್ಸನ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವಂತೆ ಬರೆದರು. ಗುಣಮಟ್ಟಕ್ಕೆ 0ಯಿಂದ 4ರವರೆಗೆ ಮೆಟ್ಟಿಲುಗಳಿವೆ. 2 ಸಾಮಾನ್ಯ ಕಂಪ್ಯೂಟರಿನ ಒಳಗಿನ ಒಳ್ಳೆಯ ಗ್ರಾಫಿಕ್ಸ್‌ಗೆ ಸಾಕಾಗುತ್ತದೆ. 3ಕ್ಕೆ ಪ್ರತ್ಯೇಕ ಕಾರ್ಡು ಬೇಕು. 4 ಅಂದಿನ ಯಾವ ಕಾರ್ಡಿನಲ್ಲೂ ನೇರಪ್ರಸಾರದ ವೇಗಕ್ಕೆ ಬಾರದು ಎಂದು ಕೈಪಿಡಿಯೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಆದರೆ ಅಂದಾಜು ಅಂದಾಜೇ. ಸೆಕೆಂಡಿಗೆ 30 ಮೀಟರ್ ಓಡುವ ಚೆಂಡು ಎರಡು ಫ್ರೇಮುಗಳ ನಡುವೆ ಅರ್ಧ ಮೀಟರ್ ಸರಿದಿರುತ್ತದೆ. ಚಿಕ್ಕ ವಸ್ತು, ದೊಡ್ಡ ನೆಗೆತ. ಲೆಕ್ಕ ಕೆಲವೊಮ್ಮೆ ಅದನ್ನು ಕಳೆದುಕೊಳ್ಳುತ್ತದೆ. ಒಬ್ಬನ ತೋಳಿನ ಹಿಂದೆ ಇನ್ನೊಬ್ಬನ ಮುಖ ಮರೆಯಾದಾಗ ಅಂಚು ಕಲಸಿಹೋಗುತ್ತದೆ.

ಇಲ್ಲಿ ಕ್ರಿಕೆಟ್ ನೆನಪಾಗದೆ ಇರದು. 1992ರ ನವೆಂಬರ್ 14ರಂದು ಡರ್ಬನ್ ಟೆಸ್ಟಿನಲ್ಲಿ ಜಾಂಟಿ ರೋಡ್ಸ್ ಚೆಂಡು ತಡೆದಾಗ ರನೌಟ್ ಆಯಿತೇ ಎಂದು ಮೂರನೇ ಅಂಪೈರ್ ಕಾರ್ಲ್ ಲೀಬನ್‌ಬರ್ಗ್ ಟಿವಿ ನೋಡಿ ಹೇಳಿದರು. ಹಾಗೆ ಔಟಾದ ಮೊದಲ ಬ್ಯಾಟ್ಸ್‌ಮನ್ ಸಚಿನ್ ತೆಂಡೂಲ್ಕರ್. ಆ ತೀರ್ಪು ಕ್ಯಾಮೆರಾ ನಿಜವಾಗಿ ಕಂಡ ಫ್ರೇಮಿನ ಮೇಲೆ ನಿಂತಿತ್ತು. ಫುಟಟಾಬಿಯ ಕಾಲು ವೇಗದ ನಿಧಾನಗತಿಯಲ್ಲಿ ಕಾಣುವ ನಾಲ್ಕು ಫ್ರೇಮುಗಳಲ್ಲಿ ಮೂರು ಯಾವ ಕ್ಯಾಮೆರಾವೂ ಕಾಣದವು. ಅವುಗಳ ಮೇಲೆ ತೀರ್ಪು ಕೊಡಲಾಗದು, ಕೊಡಲೂಬಾರದು. ಅಂಪೈರ್ ಇಲ್ಲದ ಆಟದಲ್ಲಿ ಈ ತಂತ್ರ ಬಳಕೆಗೆ ಬಂದದ್ದು ಕಾಕತಾಳೀಯವೇ ಇರಬಹುದು, ಒಪ್ಪುವ ಜೋಡಿಯಂತೂ ಹೌದು.

ಮುಕ್ತ ತಂತ್ರಾಂಶದ ಈ ಲೋಕಕ್ಕೆ ಬೆಂಗಳೂರಿನ ಒಂದು ಎಳೆಯೂ ಸೇರಿದೆ. ಸಮ್ಮೇಳನಗಳಲ್ಲಿ ಎಲ್ಲಕ್ಕಿಂತ ತಲೆನೋವು ಕೊಡುವುದು ಭಾಷಣಕಾರರ ಲ್ಯಾಪ್‌ಟಾಪ್: ಅದರ ಎಚ್‌ಡಿಎಂಐ ಚಿತ್ರ ಪ್ರೊಜೆಕ್ಟರ್‌ಗೂ ಹೋಗಬೇಕು, ರೆಕಾರ್ಡಿಂಗಿಗೂ ಬರಬೇಕು, ಮಧ್ಯೆ ಏನೂ ಕೈಕೊಡಬಾರದು. ಆಸ್ಟ್ರೇಲಿಯಾದಲ್ಲಿ ಬೇರುಬಿಟ್ಟ ಟಿಮ್‌ವಿಡಿಯೋಸ್ ಎಂಬ ಮುಕ್ತ ಯೋಜನೆಯ ಮಂದಿ ಇದಕ್ಕಾಗಿ ಒಳವಿನ್ಯಾಸವೂ ತೆರೆದಿರುವ ಬೋರ್ಡೊಂದು ಬೇಕೆಂದು ಹೊರಟಾಗ, ಬೆಂಗಳೂರಿನ ನುಮಾಟೊ ಕಂಪನಿ ಅವರ ಜೊತೆಗೂಡಿ ಓಪ್ಸಿಸ್ ಬೋರ್ಡನ್ನು ತಯಾರಿಸಿತು. 2015ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ಹೊರಬಂದ ಈ ಬೋರ್ಡಿನ ನಡುವೆ ಸ್ಪಾರ್ಟನ್-6 ಎಫ್‌ಪಿಜಿಎ ಚಿಪ್ ಇದೆ. ಅದರ ಒಳಜೋಡಣೆಯನ್ನು ಬೇಕಾದಂತೆ ತಿದ್ದಿ ಬರೆಯಬಹುದು. ಡೆಬ್‌ಕಾನ್‌ನ ವಿಡಿಯೊ ತಂಡ ಈ ಬೋರ್ಡುಗಳನ್ನು ಊರಿಂದೂರಿಗೆ ಹೊತ್ತು ತಿರುಗಿತು. ಆ ಸಮ್ಮೇಳನ 2023ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಭಾರತಕ್ಕೆ, ಕೊಚ್ಚಿಗೆ ಬಂತು. ಕ್ಯಾಮೆರಾ ಹಿಡಿಯುವವರು, ಮಿಕ್ಸರ್ ಮುಂದೆ ಕೂರುವವರು, ಧ್ವನಿ ನೋಡಿಕೊಳ್ಳುವವರು ಎಲ್ಲ ಅಲ್ಲಿ ಸ್ವಯಂಸೇವಕರೇ. ಸಮ್ಮೇಳನಕ್ಕೆ ಬಂದವರೇ ಪಾಳಿಯ ಪಟ್ಟಿಯಲ್ಲಿ ಹೆಸರು ಬರೆಸಿ ಕೂರುತ್ತಾರೆ.

ನಮ್ಮಲ್ಲಿ ನೇರಪ್ರಸಾರಕ್ಕೇನೂ ಕೊರತೆಯಿಲ್ಲ. ಕರಾವಳಿಯ ಯಕ್ಷಗಾನ, ಕಂಬಳ, ಊರೂರಿನ ಕಬಡ್ಡಿ, ಮದುವೆ ಮುಂಜಿಗಳು ಯೂಟ್ಯೂಬಿಗೆ ಬರುತ್ತಲೇ ಇವೆ. ಇವಕ್ಕೆ ಬಳಕೆಯಾಗುವುದು ಸಾಮಾನ್ಯವಾಗಿ ಪುಟ್ಟ ಹಾರ್ಡ್‌ವೇರ್ ಸ್ವಿಚರ್, ಇಲ್ಲವೇ ವಿಂಡೋಸ್ ಮೇಲಿನ ವಿಮಿಕ್ಸ್ ಅಥವಾ ಓಬಿಎಸ್ ಎಂಬ ತಂತ್ರಾಂಶ. ವಿಮಿಕ್ಸ್‌ನಲ್ಲಿ ರೀಪ್ಲೇ ಬೇಕೆಂದರೆ ಮೇಲ್ದರ್ಜೆಯ ಆವೃತ್ತಿಗೆ ದುಡ್ಡು ಕಟ್ಟಬೇಕು. ಓಬಿಎಸ್ ಮುಕ್ತ ತಂತ್ರಾಂಶ. ಜಿಮ್ ಬೇಲಿ ಎಂಬಾತ ಸ್ಟಾರ್‌ಕ್ರಾಫ್ಟ್ ವಿಡಿಯೊ ಗೇಮ್ ಆಟವನ್ನು ಪ್ರಸಾರ ಮಾಡಲು 2012ರಲ್ಲಿ ಬರೆದದ್ದು. ಅದರಲ್ಲಿ ರೀಪ್ಲೇ ಬಫರ್ ಎಂಬ ಸೌಕರ್ಯ ಅಡಗಿದೆ, ಸೆಟ್ಟಿಂಗ್ಸ್‌ನ ಔಟ್‌ಪುಟ್ ವಿಭಾಗದಲ್ಲಿ ಒಂದು ಟಿಕ್ ಹಾಕಿದರೆ ಎಚ್ಚರಗೊಳ್ಳುತ್ತದೆ. ಕಳೆದ ಇಂತಿಷ್ಟು ಸೆಕೆಂಡಿನ ಚಿತ್ರವನ್ನು ಅದು ಸದಾ ಮೆಮೊರಿಯಲ್ಲಿ ಹಿಡಿದಿಟ್ಟಿರುತ್ತದೆ. ಹಾಟ್‌ಕೀ ಒತ್ತಿದಾಗ ಕಡತವಾಗಿ ಉಳಿಸುತ್ತದೆ. 6000 ಕೆಬಿಪಿಎಸ್ ಲೆಕ್ಕದಲ್ಲಿ 30 ಸೆಕೆಂಡಿಗೆ ತಗಲುವುದು 22.5 ಮೆಗಾಬೈಟ್ ಮಾತ್ರ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಬಾಯಿಗೆ ಬಿದ್ದರಲ್ಲ, ಅಂಥ ಎರಡು ಓಟ ಈ ಬಫರಿನಲ್ಲಿ ಹಿಡಿಸುತ್ತವೆ. ಉಳಿಸಿದ ತುಣುಕನ್ನು ತಕ್ಷಣ ನಿಧಾನವಾಗಿ ಅಥವಾ ಹಿಂದುಮುಂದಾಗಿ ತೋರಿಸಲು ಎಕ್ಸೆಲ್ಡ್ರೊ ಎಂಬ ಹೆಸರಿನ ಡೆವಲಪರ್ ಬರೆದ ರೀಪ್ಲೇ ಸೋರ್ಸ್ ಪ್ಲಗಿನ್ ಪುಕ್ಕಟೆ ಸಿಗುತ್ತದೆ.

ಓಬಿಎಸ್‌ನ ಬಫರ್ ಹಿಡಿಯುವುದು ಆ ಹೊತ್ತಿಗೆ ಪ್ರಸಾರವಾಗುತ್ತಿದ್ದ ಒಂದೇ ಚಿತ್ರವನ್ನು ಎಂಬುದನ್ನು ಮರೆಯಬಾರದು. ಕಣದ ಇನ್ನೊಂದು ತುದಿಯ ಕ್ಯಾಮೆರಾ ಕಂಡದ್ದು ಬೇಕೆಂದರೆ ರೀಪ್ಲೇ ಸೋರ್ಸನ್ನು ಆ ಕ್ಯಾಮೆರಾಕ್ಕೇ ಬೇರೆಯಾಗಿ ಕಟ್ಟಬೇಕು. ಅಂಥವು ಮೂರು ನಾಲ್ಕಾದಾಗ ಸಂಕುಚಿಸದ ಫ್ರೇಮುಗಳಿಂದ ಕಂಪ್ಯೂಟರಿನ ಮೆಮೊರಿ ಉಬ್ಬತೊಡಗುತ್ತದೆ. ಫುಟಟಾಬಿಯ ಕಡೆ ಹೊರಳಲು ಅದು ತಕ್ಕ ಗಳಿಗೆ. ಆಗ ಲಿನಕ್ಸ್ ಹಾಕಿದ ಎರಡು ಕಂಪ್ಯೂಟರ್, ಅವುಗಳ ನಡುವೆ ಗಿಗಾಬಿಟ್ ಕೇಬಲ್, ಮಿಕ್ಸರ್ ಕಡೆಯದಕ್ಕೆ ಜೆಪೆಗ್ ಹಿಸುಕಬಲ್ಲ ಇಂಟೆಲ್ ಗ್ರಾಫಿಕ್ಸ್, ರೀಪ್ಲೇ ಕಡೆಯದಕ್ಕೆ ಖಾಲಿ ಎಸ್‌ಎಸ್‌ಡಿ ಬೇಕಾಗುತ್ತವೆ. ಜೊತೆಗೆ ಆಟ ಬಲ್ಲ, ಚಹಾಕ್ಕೆ ಎದ್ದುಹೋಗದ ಒಬ್ಬ ಮನುಷ್ಯ. ನಗೆರು ಇಡೀ ಕಾರ್ಯಕ್ರಮವನ್ನು ಒಳ್ಳೆಯ ಗುಣಮಟ್ಟದಲ್ಲಿ ನಟ್ ಎಂಬ ಮಾದರಿಯ ಕಡತವಾಗಿ ತಾನಾಗಿಯೇ ಬರೆದುಕೊಳ್ಳುತ್ತಿರುತ್ತದೆ. ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಓದಲು ಬರುತ್ತದೆ. ನಮ್ಮ ಊರುಗಳಿಗೆ ಹೇಳಿ ಮಾಡಿಸಿದ ಗುಣ ಅದು, ಆದರೂ ಯುಪಿಎಸ್ ಇಟ್ಟುಕೊಳ್ಳುವುದು ವಾಸಿ.